ಹೊಸ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ: ಸಹಿ ಹಾಕುವ ಮುಂಚೆ ಒಂದು ಲೆಕ್ಕ

ಆಯುಧಪೂಜೆಗೆ ಮೂರು ದಿನ ಇರುವಾಗ ಅಕ್ಕನ ಮಗ ಫೋನ್ ಮಾಡಿದ. ತುಮಕೂರಿನ ಬಿ.ಎಚ್. ರಸ್ತೆಯ ಶೋರೂಮೊಂದರಲ್ಲಿ ಕೂತಿದ್ದ. "ಮಾವ, ಆನ್ ರೋಡ್ ಲೆಕ್ಕದಲ್ಲಿ ಇ.ಡಬ್ಲ್ಯೂ. ಅಂತ ಇಪ್ಪತ್ತೆರಡು ಸಾವಿರ ಸೇರಿಸಿದ್ದಾರೆ. ಇರ್ಲಾ, ತೆಗೆಸ್ಲಾ?" ಪಕ್ಕದಲ್ಲಿ ಸೇಲ್ಸ್ ಹುಡುಗನ ದನಿ ಕೇಳಿಸುತ್ತಿತ್ತು. "ಎಲ್ರೂ ಹಾಕಿಸ್ಕೊಂತಾರೆ ಸಾರ್. ಐದು ವರ್ಷ ಟೆನ್ಶನ್ ಇರಲ್ಲ."

"ಇವತ್ತು ಸಹಿ ಹಾಕಬೇಡ, ಸಂಜೆ ಮನೆಗೆ ಬಾ" ಅಂದೆ. ಇ.ಡಬ್ಲ್ಯೂ. ಎಂದರೆ ಎಕ್ಸ್‌ಟೆಂಡೆಡ್ ವಾರಂಟಿ: ಕಂಪನಿಯ ಮೂಲ ವಾರಂಟಿ ಮುಗಿದ ಮೇಲೂ ಕೆಟ್ಟ ಭಾಗ ಸರಿಮಾಡಿಕೊಡುತ್ತೇವೆ ಎಂಬ, ಬೇರೆ ದುಡ್ಡು ಕೊಟ್ಟು ಕೊಳ್ಳುವ ಭರವಸೆ.

ನಾನು ಇದೇ ಊರಿನ ಒಂದು ಕಾರ್ ವರ್ಕ್‌ಶಾಪಿನಲ್ಲಿ ಜಾಬ್ ಕಾರ್ಡ್ (ಗಾಡಿಯ ದೂರು, ಮಾಡಬೇಕಾದ ಕೆಲಸ ಬರೆದಿಡುವ ಕಾಗದ) ಬರೆಯುವ ಮೇಜಿನ ಹಿಂದೆ ಏಳು ವರ್ಷ ಕೂತವನು. ಆ ಮೇಜಿನ ಮುಂದೆ ಎರಡು ಥರದವರು ಮುಖ ಸಣ್ಣ ಮಾಡಿಕೊಂಡು ನಿಲ್ಲುತ್ತಿದ್ದರು. "ಅವತ್ತು ಇಪ್ಪತ್ತು ಸಾವಿರ ಉಳಿಸೋಕೆ ಹೋದೆ, ಇವತ್ತು ಗೇರ್‌ಬಾಕ್ಸಿಗೆ ಎಂಬತ್ತು ಸಾವಿರ" ಎಂದು ತಲೆ ಚಚ್ಚಿಕೊಳ್ಳುವವರು ಒಂದು ಥರ. ದುಡ್ಡು ಕಟ್ಟಿ ವಾರಂಟಿ ಮಾಡಿಸಿದ್ದರೂ "ಇದು ಕವರ್ ಆಗಲ್ಲ ಸಾರ್" ಎಂಬ ಮಾತನ್ನು ನನ್ನ ಬಾಯಿಂದ ಕೇಳಿಸಿಕೊಂಡವರು ಇನ್ನೊಂದು ಥರ. ನನ್ನ ಮೇಜಿನ ಮುಂದೆ ನಿಂತವರಲ್ಲಿ ಎರಡನೆಯವರೇ ಹೆಚ್ಚು. ಹಾಗಾಗಿ ಇದನ್ನು ಒಳ್ಳೆಯದು, ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡಲು ನನಗೆ ಬರುವುದಿಲ್ಲ. ಅಕ್ಕನ ಮಗನಿಗೆ ಆ ಸಂಜೆ ಹೇಳಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ.

1. ಕೈಯಲ್ಲಿ ಈಗಾಗಲೇ ಏನಿದೆ, ನೋಡಿ

ಹೊಸ ಗಾಡಿಯ ಬೆಲೆಯಲ್ಲೇ ಕಂಪನಿಯ ಮೂಲ ವಾರಂಟಿ ಸೇರಿರುತ್ತದೆ. ಅದಕ್ಕೆ ಬೇರೆ ದುಡ್ಡಿಲ್ಲ. ಇ.ಡಬ್ಲ್ಯೂ. ಶುರುವಾಗುವುದೇ ಆ ಮೂಲ ವಾರಂಟಿ ಮುಗಿದ ಮೇಲೆ. ಇವತ್ತು ಕಟ್ಟುವ ಇಪ್ಪತ್ತೆರಡು ಸಾವಿರ ಮೂರು ವರ್ಷ ಸುಮ್ಮನೆ ಕೂತಿರುತ್ತದೆ ಎಂಬುದನ್ನು ಶೋರೂಮಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೂಲ ವಾರಂಟಿ ಈಗ ಮೊದಲಿನ ಹಾಗಿಲ್ಲ. ಮಾರುತಿ ಸುಜುಕಿ 2 ವರ್ಷ ಅಥವಾ 40,000 ಕಿಲೋಮೀಟರ್ ಕೊಡುತ್ತಿದ್ದದ್ದನ್ನು 2024ರ ಜುಲೈನಲ್ಲಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರಿಗೆ ಏರಿಸಿತು. ಹ್ಯುಂಡೈ 3 ವರ್ಷ ಕೊಡುತ್ತದೆ, ಕಿಲೋಮೀಟರ್ ಮಿತಿ ಇಲ್ಲದೆ. ಪಕ್ಕದ ಮನೆಯವರು "ಇ.ಡಬ್ಲ್ಯೂ. ಇಲ್ಲದೆ ಗಾಡಿ ತರಲೇಬೇಡಿ" ಎನ್ನುತ್ತಿದ್ದರೆ ಅವರ ಗಾಡಿ ಯಾವ ಇಸವಿಯದು ಎಂದು ಕೇಳಿ. 40,000ಕ್ಕೇ ವಾರಂಟಿ ಮುಗಿಯುತ್ತಿದ್ದ ಕಾಲದಲ್ಲಿ ಆ ಬುದ್ಧಿಮಾತು ಸರಿಯಾಗಿಯೇ ಇತ್ತು.

ನಿಮ್ಮ ಮಾದರಿಯ ವಾರಂಟಿ ಪುಸ್ತಕವನ್ನು ಶೋರೂಮಿನಲ್ಲೇ ಕೇಳಿ ಪಡೆದು ಎರಡು ಸಂಖ್ಯೆ ಗುರುತು ಮಾಡಿಕೊಳ್ಳಿ: ಎಷ್ಟು ವರ್ಷ, ಎಷ್ಟು ಕಿಲೋಮೀಟರ್. ಇವೆರಡರ ಪಕ್ಕದಲ್ಲಿ "ಯಾವುದು ಮೊದಲೋ ಅದು" ಎಂಬ ಸಣ್ಣ ಅಕ್ಷರದ ಸಾಲು ಇರುತ್ತದೆ. ಮುಂದಿನ ಹಂತವೆಲ್ಲ ಆ ಸಾಲಿನ ಮೇಲೆಯೇ ನಿಂತಿದೆ.

2. ವರ್ಷ ಬಿಡಿ, ಕಿಲೋಮೀಟರ್ ಎಣಿಸಿ

ನಮ್ಮ ಹುಡುಗನ ಕೆಲಸ ಪೀಣ್ಯದಲ್ಲಿ. ತುಮಕೂರಿನಿಂದ ಹೋಗಿಬರಲು ದಿನಕ್ಕೆ ಸುಮಾರು 120 ಕಿಲೋಮೀಟರ್. ತಿಂಗಳಿಗೆ 24 ದಿನ ಎಂದರೆ 2,880. ಭಾನುವಾರ ಊರು, ದೇವಸ್ಥಾನ ಎಲ್ಲ ಸೇರಿಸಿ ತಿಂಗಳಿಗೆ 3,000 ಎಂದಿಟ್ಟುಕೊಳ್ಳೋಣ. ಅವನ ಗಾಡಿಯ ಮೂಲ ವಾರಂಟಿಯ ಮಿತಿಯಾದ 1 ಲಕ್ಷ ಕಿಲೋಮೀಟರ್ ಮುಟ್ಟಲು ಅವನಿಗೆ 33 ತಿಂಗಳು ಸಾಕು. ಅಂದರೆ ಮೂರು ವರ್ಷದ ವಾರಂಟಿ ಅವನ ಪಾಲಿಗೆ ಎರಡು ಮುಕ್ಕಾಲು ವರ್ಷದ್ದು.

ಈಗ ಇ.ಡಬ್ಲ್ಯೂ. ನೋಡಿ. ಅವನ ಮುಂದಿಟ್ಟ ಯೋಜನೆ 5 ವರ್ಷ ಅಥವಾ 1,40,000 ಕಿಲೋಮೀಟರ್. ಹೆಚ್ಚುವರಿ ಸಿಗುವುದು 40,000 ಕಿಲೋಮೀಟರ್. ತಿಂಗಳಿಗೆ ಮೂರು ಸಾವಿರದಂತೆ ಹದಿಮೂರು ತಿಂಗಳಲ್ಲಿ ಅದೂ ಖಾಲಿ. "ಐದು ವರ್ಷ ಟೆನ್ಶನ್ ಇರಲ್ಲ" ಎಂದು ಹೇಳಿ ಕೊಟ್ಟದ್ದು ನಾಲ್ಕು ವರ್ಷ ತುಂಬುವ ಮುಂಚೆಯೇ ಮುಗಿಯುತ್ತದೆ. ಸೇಲ್ಸ್ ಹುಡುಗ ಸುಳ್ಳು ಹೇಳಿದ ಎಂದಲ್ಲ; ದಿನಾ ಬೆಂಗಳೂರಿಗೆ ಹೋಗಿಬರುವವನ ಲೆಕ್ಕ ಅವನ ಪಟ್ಟಿಯಲ್ಲಿ ಇರಲಿಲ್ಲ ಅಷ್ಟೇ. ರೈಲಿನಲ್ಲಿ ಓಡಾಡುವವರ ಕಥೆ ಬೇರೆ. ಅವರ ಕಾರು ವಾರವೆಲ್ಲ ಮನೆ ಮುಂದೆಯೇ ನಿಂತಿರುತ್ತದೆ.

ಇನ್ನೊಂದು ತುದಿಯಲ್ಲಿ ನನ್ನ ಸೋದರಮಾವ ಇದ್ದಾರೆ. ತಿಪಟೂರಿನವರು, ನಿವೃತ್ತ ಮೇಷ್ಟ್ರು. ಕಾರು ಹೊರಗೆ ಬರುವುದು ಮದುವೆಗೆ, ಆಸ್ಪತ್ರೆಗೆ, ವರ್ಷಕ್ಕೆ ಒಂದೆರಡು ಸಲ ಬೆಂಗಳೂರಿನ ಮಗಳ ಮನೆಗೆ. ವರ್ಷಕ್ಕೆ 5,000 ದಾಟುವುದಿಲ್ಲ. ಮೂಲ ವಾರಂಟಿ ಮುಗಿಯುವಾಗ ಅವರ ಓಡೋಮೀಟರಿನಲ್ಲಿ 15,000 ಇರುತ್ತದೆ. ಇನ್ನೆರಡು ವರ್ಷ ಕೊಂಡರೆ ಸಿಗುವುದು 10,000 ಕಿಲೋಮೀಟರ್ ಓಟಕ್ಕೆ ರಕ್ಷಣೆ.

ಇಬ್ಬರಿಗೂ ಒಂದೇ ಅಳತೆ ಹಿಡಿಯಲು ನಾನು ಬಳಸುವುದು ಕಿಲೋಮೀಟರಿಗೆ ಎಷ್ಟು ಪೈಸೆ ಎಂಬ ಲೆಕ್ಕ. ಇ.ಡಬ್ಲ್ಯೂ. ಬೆಲೆಯನ್ನು, ಅದು ಚಾಲ್ತಿಯಲ್ಲಿರುವಾಗ ನೀವು ನಿಜವಾಗಿ ಓಡಿಸುವ ಕಿಲೋಮೀಟರಿನಿಂದ ಭಾಗಿಸಿ. 22,000 ರೂಪಾಯಿಯನ್ನು ಹುಡುಗನ 40,000 ಕಿಲೋಮೀಟರಿಗೆ ಹಂಚಿದರೆ 55 ಪೈಸೆ. ಅದೇ ಬೆಲೆಗೆ ಕಿಲೋಮೀಟರ್ ಮಿತಿ ಇಲ್ಲದ ಯೋಜನೆ ಸಿಕ್ಕಿದ್ದರೆ ಎರಡು ವರ್ಷಕ್ಕೆ 72,000 ಕಿಲೋಮೀಟರ್, ಅಂದರೆ 30 ಪೈಸೆ ಚಿಲ್ಲರೆ. ಸೋದರಮಾವನಿಗೆ 2 ರೂಪಾಯಿ 20 ಪೈಸೆ.

ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಬೇಕು. ಎಲ್ಲ ಭಾಗವೂ ಓಡಿ ಓಡಿಯೇ ಕೆಡುವುದಿಲ್ಲ. ಗೇರ್‌ಬಾಕ್ಸ್, ಟರ್ಬೊ, ಇಂಜೆಕ್ಟರ್, ಸ್ಟೀರಿಂಗ್ ರ‍್ಯಾಕ್ ಇವು ಓಟದ ಮೇಲೆ ಸವೆಯುವವು. ಎ.ಸಿ., ಟಚ್ ಸ್ಕ್ರೀನ್, ಸೆನ್ಸರ್, ಪವರ್ ವಿಂಡೋ ಮೋಟಾರು ಬಿಸಿಲಿಗೆ, ಧೂಳಿಗೆ, ವಯಸ್ಸಿಗೆ ನಿಂತಲ್ಲೇ ಕೆಡಬಹುದು. ಆದ್ದರಿಂದ ಕಡಿಮೆ ಓಡಿಸುವವರಿಗೆ ಇದು ಪೂರಾ ದಂಡ ಎನ್ನಲಾಗದು. ಆದರೆ 2 ರೂಪಾಯಿ ದಾಟಿದರೆ ನಾನಂತೂ ಎರಡು ಸಲ ಯೋಚಿಸುತ್ತೇನೆ.

3. ಗಾಡಿಯಲ್ಲಿ ಕೆಡಲು ಏನೇನಿದೆ?

ಸಾದಾ ಪೆಟ್ರೋಲ್ ಎಂಜಿನ್, ಮ್ಯಾನ್ಯುವಲ್ ಗೇರ್, ಟರ್ಬೊ ಇಲ್ಲ. ಇಂಥ ಗಾಡಿಯಲ್ಲಿ ಸರ್ವೀಸ್ ಸರಿಯಾಗಿ ಮಾಡಿಸಿದರೆ ನಾಲ್ಕನೇ, ಐದನೇ ವರ್ಷ ಭಾರಿ ಖರ್ಚು ಬಂದದ್ದನ್ನು ನಾನು ನೋಡಿದ್ದು ಕಡಿಮೆ. ಬಂದರೂ ಕ್ಲಚ್ ಪ್ಲೇಟ್, ಸಸ್ಪೆನ್ಶನ್ ಬುಷ್. ಇವು ಹೇಗೂ ಇ.ಡಬ್ಲ್ಯೂ.ಗೆ ಬರುವುದಿಲ್ಲ.

ಆಟೊಮ್ಯಾಟಿಕ್ ಗೇರ್ ಇದ್ದರೆ ಮಾತು ಬದಲಾಗುತ್ತದೆ. ಅದರಲ್ಲೂ ಡಿ.ಸಿ.ಟಿ. (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್) ಥರದ್ದರಲ್ಲಿ ಒಂದು ಜೋಡಣೆ ಕೆಟ್ಟರೂ ಬಿಲ್ಲು ಲಕ್ಷದ ಹತ್ತಿರ ಹೋಗಬಹುದು. ಟರ್ಬೊ ಪೆಟ್ರೋಲ್, ಡೀಸೆಲ್, ಹೈಬ್ರಿಡ್, ದೊಡ್ಡ ಪರದೆ, ಸನ್‌ರೂಫ್, ಕ್ಯಾಮೆರಾ ಎಲ್ಲ ತುಂಬಿದ ಮೇಲಿನ ವೇರಿಯಂಟ್ ಆದರೆ ತಕ್ಕಡಿ ಇ.ಡಬ್ಲ್ಯೂ. ಕಡೆಗೆ ವಾಲುತ್ತದೆ. ಮಾರುಕಟ್ಟೆಗೆ ಬಂದು ಆರು ತಿಂಗಳೂ ಆಗದ ಹೊಸ ಮಾದರಿ ಕೊಳ್ಳುವವರೂ ಈ ಕಡೆಗೇ ಸೇರುತ್ತಾರೆ. ಅದರ ಹುಳುಕು ಯಾವುದು ಎಂದು ಮೆಕ್ಯಾನಿಕ್‌ಗಳಿಗೂ ಇನ್ನೂ ತಿಳಿದಿರುವುದಿಲ್ಲ.

ಡೀಸೆಲ್ ಬಗ್ಗೆ ಒಂದು ಮಾತು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 (ಹೊಗೆ ಮಿತಿಯ ನಿಯಮ) ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿದಿಡುವ ಡಿ.ಪಿ.ಎಫ್. ಎಂಬ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಬಟವಾಡಿಯಿಂದ ಟೌನ್ ಹಾಲ್‌ಗೆ, ಅಲ್ಲಿಂದ ಮಾರ್ಕೆಟ್‌ಗೆ ಅಂತ ಊರೊಳಗೇ ತಿರುಗಿದರೆ ಫಿಲ್ಟರ್ ಕಟ್ಟಿಕೊಂಡು ದೀಪ ಹತ್ತುತ್ತದೆ. ಓಡಿಸುವ ರೀತಿಯಿಂದ ಕಟ್ಟಿಕೊಂಡದ್ದು ಎಂದು ಹೇಳಿ ಅದನ್ನು ಶುಚಿ ಮಾಡುವ ಖರ್ಚನ್ನು ನಿಮ್ಮ ತಲೆಗೇ ಹಾಕುತ್ತಾರೆ. ಊರೊಳಗಿನ ಓಡಾಟಕ್ಕೆ ಡೀಸೆಲ್ ಕೊಂಡು ಅದನ್ನು ವಾರಂಟಿ ಕಾಪಾಡುತ್ತದೆ ಎಂದು ನಂಬಬೇಡಿ.

4. ವಾರಂಟಿ ಕೊಡುತ್ತಿರುವವರು ಯಾರು?

ಇದನ್ನು ಬಹಳ ಜನ ಕೇಳುವುದೇ ಇಲ್ಲ. ಬಿಲ್ಲಿನ ಮೇಲೆ ಶೋರೂಮಿನ ಹೆಸರು ಇದ್ದ ಮಾತ್ರಕ್ಕೆ ಅದು ಕಾರ್ ಕಂಪನಿಯ ವಾರಂಟಿ ಆಗುವುದಿಲ್ಲ. ಮೂರು ಬಗೆ ಇದೆ. ಕಾರ್ ತಯಾರಿಸಿದ ಕಂಪನಿಯೇ ಕೊಡುವುದು ಒಂದು. ಇದು ದೇಶದ ಯಾವುದೇ ಅಧಿಕೃತ ವರ್ಕ್‌ಶಾಪಿನಲ್ಲಿ ನಡೆಯುತ್ತದೆ. ಎರಡನೆಯದು ಡೀಲರ್ ತಾನೇ ಮಾಡಿಕೊಂಡ ಯೋಜನೆ. ಅವರ ಬಾಗಿಲು ಮುಚ್ಚಿದರೆ ವಾರಂಟಿಯೂ ಮುಚ್ಚಿತು. ಮೂರನೆಯದು ಹೊರಗಿನ ಸಂಸ್ಥೆಯದು. ಇದರಲ್ಲಿ ಒಂದೊಂದು ಕ್ಲೇಮಿಗೂ ಅವರ ಒಪ್ಪಿಗೆ ಬರುವ ತನಕ ಗಾಡಿ ವರ್ಕ್‌ಶಾಪಿನಲ್ಲಿ ಬಿಚ್ಚಿಕೊಂಡು ಕೂತಿರುತ್ತದೆ.

ಪಾವಗಡದವರಿಗೆ ಇದು ಸಣ್ಣ ವಿಷಯ ಅಲ್ಲ. ಅವರಿಗೆ ತುಮಕೂರಿಗಿಂತ ಆಂಧ್ರದ ಹಿಂದೂಪುರವೇ ಹತ್ತಿರ. ಕಂಪನಿಯ ವಾರಂಟಿ ಆದರೆ ಹತ್ತಿರದ ಅಧಿಕೃತ ವರ್ಕ್‌ಶಾಪು ಯಾವ ರಾಜ್ಯದಲ್ಲಿದ್ದರೂ ಅಲ್ಲಿ ಕೆಲಸ ಆಗುತ್ತದೆ. ತುಮಕೂರಿನ ಡೀಲರಿನ ಸ್ವಂತ ಯೋಜನೆ ಆದರೆ ಪ್ರತಿ ಸಲವೂ ಮಧುಗಿರಿ ದಾಟಿ ಸುಮಾರು ನೂರು ಕಿಲೋಮೀಟರ್ ಬರಬೇಕು. ಗಾಡಿ ನಿಂತೇ ಹೋಗಿದ್ದರೆ ಎಳೆದು ತರುವ ಖರ್ಚನ್ನೂ ಕೇಳಿ ತಿಳಿದುಕೊಳ್ಳಿ. ರಸ್ತೆಯಲ್ಲಿ ನಿಂತಾಗ ನೆರವಾಗುವ ಆರ್.ಎಸ್.ಎ. ಎಂಬುದು ಸಾಮಾನ್ಯವಾಗಿ ಬೇರೆಯೇ ಯೋಜನೆ, ಅದಕ್ಕೆ ಬೇರೆಯೇ ದುಡ್ಡು.

ನನ್ನ ಸಲಹೆ ಕೇಳಿದರೆ, ಕಂಪನಿಯದ್ದಾದರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ. ನನ್ನ ಭಾವ ಒಮ್ಮೆ ಹೊರಗಿನ ಸಂಸ್ಥೆಯ ಯೋಜನೆಯನ್ನು ಅಗ್ಗ ಎಂದು ಕೊಂಡಿದ್ದರು. ಎ.ಸಿ. ಕಂಪ್ರೆಸರ್ ಹೋದಾಗ ಗೊತ್ತಾಯಿತು, ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದೆ, ಅದರಲ್ಲೂ ಹಳೆಯ ಭಾಗ ತೆಗೆದು ಹೊಸದು ಹಾಕಿದ್ದಕ್ಕೆ ಸವಕಳಿ ಕಡಿತ ಬೇರೆ. ಬಿಲ್ಲಿನ ಅರ್ಧ ಭಾವನ ಜೇಬಿನಿಂದಲೇ ಹೋಯಿತು.

5. "ಇವು ಸೇರುವುದಿಲ್ಲ" ಎಂಬ ಪುಟ

ಬ್ರೋಷರ್ ಓದಬೇಡಿ. ಬಣ್ಣದ ಕಾಗದದಲ್ಲಿ ಯಾವುದು ಸೇರುತ್ತದೆ ಎಂದಷ್ಟೇ ಇರುತ್ತದೆ. ಷರತ್ತುಗಳ ಪೂರ್ತಿ ಪ್ರತಿ ಕೇಳಿ, ಸೇರದ ಭಾಗಗಳ ಪುಟ ತೆಗೆಸಿ. "ಡೆಲಿವರಿ ಆದ್ಮೇಲೆ ಮೇಲ್‌ಗೆ ಬರುತ್ತೆ ಸಾರ್" ಎಂದರೆ, ಬಂದ ಮೇಲೇ ದುಡ್ಡು ಕಟ್ಟುತ್ತೇನೆ ಎನ್ನಿ.

ಸವೆಯುವ ಸಾಮಾನು ಸೇರುವುದಿಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತು: ಬ್ರೇಕ್ ಪ್ಯಾಡ್, ಕ್ಲಚ್, ವೈಪರ್, ಬಲ್ಬ್, ಫಿಲ್ಟರ್, ಆಯಿಲ್. ಟೈರಿಗೂ ಬ್ಯಾಟರಿಗೂ ಅವುಗಳ ಕಂಪನಿಯವರೇ ಜವಾಬು. ಜಗಳ ಆಗುತ್ತಿದ್ದದ್ದು ಇವಕ್ಕಲ್ಲ, ಜನ ಕನಸಿನಲ್ಲೂ ಎಣಿಸದ ಕಾರಣಗಳಿಗೆ.

ಮೊದಲನೆಯದು ಇಲಿ. ತೋಟದ ಮನೆ, ತೆಂಗಿನ ಸಿಪ್ಪೆ ಗುಡ್ಡೆ, ಪಕ್ಕದಲ್ಲೇ ಕಾರು. ಗುಬ್ಬಿ, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯಿಂದ ಬರುವ ಗಾಡಿಗಳಲ್ಲಿ ಇಲಿ ಕಡಿದ ವೈರಿಂಗ್ ಎಷ್ಟೋ ನೋಡಿದ್ದೇನೆ. ಇದು ತಯಾರಿಕೆಯ ದೋಷ ಅಲ್ಲ, ಆದ್ದರಿಂದ ವಾರಂಟಿಯಲ್ಲಿ ಇಲ್ಲ. ಇದಕ್ಕೆ ದಾರಿ ಇನ್ಶೂರೆನ್ಸಿನಲ್ಲಿ ಹುಡುಕಬೇಕು, ಅದೂ ಪಾಲಿಸಿಯಲ್ಲಿ ಬರೆದಿದ್ದರೆ.

ಎರಡನೆಯದು ಬೋರ್‌ವೆಲ್ ನೀರು. ಕೂಲೆಂಟ್ ಕಡಿಮೆಯಾಗಿದೆ ಎಂದು ಮನೆಯವರು ಯಾರೋ ಒಂದು ಚೊಂಬು ನೀರು ಸುರಿದುಬಿಡುತ್ತಾರೆ. ನಮ್ಮ ಜಿಲ್ಲೆಯ ಗಡಸು ನೀರು ಪಾತ್ರೆಯ ತಳಕ್ಕೇ ಬಿಳಿ ಪೊರೆ ಕಟ್ಟುತ್ತದೆ, ರೇಡಿಯೇಟರನ್ನು ಬಿಟ್ಟೀತೇ? ಎಂಜಿನ್ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋದಾಗ ವರ್ಕ್‌ಶಾಪಿನವರು ಮೊದಲು ನೋಡುವುದೇ ಕೂಲೆಂಟಿನ ಬಣ್ಣ.

ಮೂರನೆಯದು ವೈರ್ ಕಟ್ ಮಾಡುವುದು. ಕೆಳಗಿನ ವೇರಿಯಂಟ್ ತಂದು ಹೊರಗಿನ ಅಂಗಡಿಯಲ್ಲಿ ಟಚ್ ಸ್ಕ್ರೀನ್, ಫಾಗ್ ಲ್ಯಾಂಪ್, ಜೋರು ಹಾರ್ನ್ ಹಾಕಿಸುತ್ತಾರೆ. ಕಂಪನಿಯ ಸಾಕೆಟ್‌ಗೇ ಸಿಕ್ಕಿಸುವ ಜೋಡಣೆ ಆದರೆ ಪರವಾಗಿಲ್ಲ. ಮೂಲ ವೈರನ್ನು ಕತ್ತರಿಸಿ ಟೇಪ್ ಸುತ್ತಿದ್ದರೆ ನಾಳೆ ವಿದ್ಯುತ್ತಿಗೆ ಸಂಬಂಧಪಟ್ಟ ಏನೇ ಕೆಟ್ಟರೂ ಬೆರಳು ಆ ಟೇಪಿನ ಕಡೆಗೇ ತೋರುತ್ತದೆ. ಹೊರಗೆ ಸಿ.ಎನ್‌.ಜಿ. ಕಿಟ್ ಹಾಕಿಸಿದರೆ ಎಂಜಿನ್ ವಾರಂಟಿಯ ಆಸೆಯನ್ನೇ ಬಿಡಬೇಕು.

ಮಳೆನೀರು ಇನ್ನೊಂದು. ಅಂಡರ್‌ಪಾಸಿನ ನೀರಿಗೆ ಗಾಡಿ ಇಳಿಸಿ, ನಿಂತ ಮೇಲೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ಎಂಜಿನ್ ಒಳಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದು ವಾರಂಟಿ ಅಲ್ಲ. ಸಾದಾ ಇನ್ಶೂರೆನ್ಸೂ ಕೈಕೊಡಬಹುದು. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಬೇಕು. ಇ.ಡಬ್ಲ್ಯೂ.ಗೆ ಇಪ್ಪತ್ತೆರಡು ಸಾವಿರ ಕೊಟ್ಟು ಇದಕ್ಕೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

"ಹೇಗೂ ಮೂರು ವರ್ಷದ ಇನ್ಶೂರೆನ್ಸ್ ಇದೆಯಲ್ಲ" ಎನ್ನುವವರೂ ಇದ್ದಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಒಟ್ಟಿಗೇ ಮೂರು ವರ್ಷಕ್ಕೆ ಮಾಡಿಸಬೇಕಾದದ್ದು ಥರ್ಡ್ ಪಾರ್ಟಿ ವಿಮೆ. ಅದು ನಿಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಆದ ನಷ್ಟಕ್ಕೆ. ನಿಮ್ಮ ಗೇರ್‌ಬಾಕ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಬಾಡಿಗೆಗೆ ಓಡಿಸುವ ಯೋಚನೆ ಇದ್ದರೆ ಮುಚ್ಚಿಡಬೇಡಿ. ಹಳದಿ ಬೋರ್ಡಿನ ಗಾಡಿಗೆ ಷರತ್ತೂ ಬೆಲೆಯೂ ಬೇರೆ. ಬಿಳಿ ಬೋರ್ಡಿನಲ್ಲಿ ಬಾಡಿಗೆ ಹೊಡೆದದ್ದು ಗೊತ್ತಾದರೆ ಕ್ಲೇಮ್ ತಿರಸ್ಕರಿಸಲು ಅದೇ ಸಾಕು.

6. ಬೆಲೆಯ ಆಟ

ಇಪ್ಪತ್ತೆರಡು ಸಾವಿರದಲ್ಲಿ ಸುಮಾರು 3,350 ರೂಪಾಯಿ ಜಿ.ಎಸ್.ಟಿ.; ಈ ಸೇವೆಗೆ ದರ ಶೇಕಡ 18. ಶೋರೂಮಿನವರು ಹೇಳುವ ಬೆಲೆ ತೆರಿಗೆ ಸೇರಿಸಿಯೋ ಬಿಟ್ಟೋ ಎಂದು ಕೇಳಿ.

ಅದಕ್ಕಿಂತ ದೊಡ್ಡದು ಸಾಲದ ಬಾಬತ್ತು. "ಇ.ಎಂ.ಐ.ಗೆ ಸೇರಿಸಿದ್ರೆ ತಿಂಗಳಿಗೆ ಮುನ್ನೂರೈವತ್ತು ಜಾಸ್ತಿ ಅಷ್ಟೇ ಸಾರ್" ಎನ್ನುತ್ತಾರೆ. ಶೇಕಡ 9ರ ಬಡ್ಡಿಗೆ ಏಳು ವರ್ಷ ಕಟ್ಟಿದರೆ 22,000 ಸುಮಾರು 29,700 ಆಗುತ್ತದೆ. ವಾರಂಟಿ ಐದನೇ ವರ್ಷಕ್ಕೆ ಮುಗಿದರೂ ಅದರ ಕಂತು ಏಳನೇ ವರ್ಷದ ತನಕ ಕಟ್ಟುತ್ತಿರುತ್ತೀರಿ. ತೆಗೆದುಕೊಳ್ಳುವುದೇ ಆದರೆ ಕೈಯಿಂದ ಕಟ್ಟಿ.

"ಇದು ಕಂಪಲ್ಸರಿ" ಎಂದರೆ ಒಪ್ಪಬೇಡಿ. ಒಂದು ಸರಕು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಕಟ್ಟಿಹಾಕುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಬಂಧಕ ವ್ಯಾಪಾರ ಪದ್ಧತಿ. ಕಾಯ್ದೆ ಓದಿ ಹೇಳುವ ಅಗತ್ಯ ಬೀಳುವುದಿಲ್ಲ. "ಕಂಪಲ್ಸರಿ ಅಂತ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ" ಎಂದರೆ ಮ್ಯಾನೇಜರೇ ಎದ್ದು ಬಂದು ಆ ಸಾಲು ಹೊಡೆದುಹಾಕುತ್ತಾರೆ.

ಇನ್ನು ಆತುರದ ವಿಷಯ. ಹಬ್ಬದ ದಿನ ಡೆಲಿವರಿ, ಹೊರಗೆ ಚಕ್ರದ ಕೆಳಗೆ ನಿಂಬೆಹಣ್ಣು ಕಾಯುತ್ತಿದೆ, ಮಧ್ಯಾಹ್ನದೊಳಗೆ ಗೊರವನಹಳ್ಳಿಗೋ ದೇವರಾಯನದುರ್ಗಕ್ಕೋ ಪೂಜೆಗೆ ಹೋಗಬೇಕು. ಆ ಗಡಿಬಿಡಿಯಲ್ಲಿ ಹತ್ತು ಕಾಗದಕ್ಕೆ ಸಹಿ ಬೀಳುತ್ತದೆ. ಬಹುತೇಕ ಕಂಪನಿಗಳು ಮೂಲ ವಾರಂಟಿ ಚಾಲ್ತಿಯಲ್ಲಿರುವ ತನಕ ಇ.ಡಬ್ಲ್ಯೂ. ಕೊಳ್ಳಲು ಬಿಡುತ್ತವೆ. ತಡವಾದಷ್ಟೂ ಬೆಲೆ ಹಂತ ಹಂತವಾಗಿ ಏರುತ್ತದೆ, ನಿಜ. ಹಾಗಾಗಿ ಹಂತಗಳ ಪಟ್ಟಿಯನ್ನೇ ಕೇಳಿ ಪಡೆಯಿರಿ: ಡೆಲಿವರಿ ದಿನ ಎಷ್ಟು, ಮೂರು ತಿಂಗಳಿಗೆ ಎಷ್ಟು, ಒಂದು ವರ್ಷ, ಎರಡು ವರ್ಷಕ್ಕೆ ಎಷ್ಟು. ಕೆಲವು ಸಾವಿರದ ವ್ಯತ್ಯಾಸ ಮಾತ್ರ ಇದ್ದರೆ, ಎರಡು ವರ್ಷ ಗಾಡಿಯ ಗುಣ ನೋಡಿ ಕೊಳ್ಳುವ ಅವಕಾಶಕ್ಕೆ ನಾನು ಆ ದುಡ್ಡು ಸಂತೋಷದಿಂದ ಕೊಡುತ್ತೇನೆ. ಎರಡು ವರ್ಷದಲ್ಲಿ ಮೂರು ಸಲ ವರ್ಕ್‌ಶಾಪಿಗೆ ಹೋದ ಗಾಡಿ ತಾನೇ ಉತ್ತರ ಹೇಳುತ್ತದೆ.

7. ತೆಗೆದುಕೊಳ್ಳದಿದ್ದರೆ ಆ ದುಡ್ಡು ಎಲ್ಲಿ?

22,000 ಕೊಟ್ಟು 70,000 ರೂಪಾಯಿಯ ರಿಪೇರಿಯಿಂದ ತಪ್ಪಿಸಿಕೊಳ್ಳುತ್ತೀರಿ ಎಂದುಕೊಳ್ಳಿ. ನಿಮ್ಮಂಥ ಮೂರು ಗಾಡಿಗಳಲ್ಲಿ ಒಂದಕ್ಕೆ ಆ ರಿಪೇರಿ ಬಂದರೆ ಬೆಲೆ ಸರಿಸಮ. ಹತ್ತರಲ್ಲಿ ಒಂದಕ್ಕೆ ಬರುವುದಾದರೆ ನೀವು ಕೊಡುತ್ತಿರುವುದು ನೆಮ್ಮದಿಗೆ. ನೆಮ್ಮದಿಗೆ ದುಡ್ಡು ಕೊಡುವುದು ತಪ್ಪಲ್ಲ. ತಟ್ಟನೆ ಎಪ್ಪತ್ತು ಸಾವಿರ ಹೊಂದಿಸಬೇಕಾದರೆ ಒಡವೆ ಅಡ ಇಡಬೇಕಾಗುವ ಮನೆಗೆ ಈ ವಾರಂಟಿ ಬೆಲೆಬಾಳುತ್ತದೆ. ಉಳಿತಾಯ ಇರುವವರಿಗೆ ಅಷ್ಟಿಲ್ಲ.

ಬೇಡ ಎಂದವರು ಅದೇ ದುಡ್ಡನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಗಾಡಿಯ ಹೆಸರಿನಲ್ಲಿ ಬೇರೆ ಇಡಿ. ಚೀಟಿಗೆ ಹಾಕಬೇಡಿ, ಗಾಡಿ ಕೆಟ್ಟ ತಿಂಗಳೇ ಚೀಟಿ ಎತ್ತುವವರು ಇನ್ನೊಬ್ಬರಾಗಿರುತ್ತಾರೆ.

ಮೂರು ನಾಲ್ಕು ವರ್ಷಕ್ಕೇ ಗಾಡಿ ಮಾರುವ ಅಭ್ಯಾಸ ಇದ್ದರೆ, ವಾರಂಟಿ ಮುಂದಿನ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂದು ಕೇಳಿ. ಆಗುವುದಾದರೆ ಕೊಳ್ಳುವವರ ಜೊತೆ ಎರಡು ಮಾತು ಹೆಚ್ಚು ಆಡಬಹುದು. ಹಾಕಿದ ದುಡ್ಡು ಪೂರ್ತಿ ವಾಪಸ್ ಬರುತ್ತದೆ ಎಂಬ ಭರವಸೆ ಬೇಡ.

ಎಲೆಕ್ಟ್ರಿಕ್ ಗಾಡಿ, ದ್ವಿಚಕ್ರ

ಎಲೆಕ್ಟ್ರಿಕ್ ಕಾರುಗಳಿಗೆ ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್ ಇರುತ್ತದೆ. ಆದರೆ ಚಾರ್ಜರ್, ಕಂಟ್ರೋಲರ್‌ನಂಥ ಉಳಿದ ಭಾಗಗಳಿಗೆ ಅಷ್ಟಿದೆಯೇ ಎಂದು ಬೇರೆಯಾಗಿ ನೋಡಿ. ಬ್ಯಾಟರಿಯ ಶಕ್ತಿ ಶೇಕಡ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಎಂಬ ಸಾಲು ಹುಡುಕಿ. ಹಳ್ಳಿಯ ಮನೆಯಾದರೆ ಚಾರ್ಜರ್ ಹಾಕಿಸುವ ಮುಂಚೆ ಅರ್ತಿಂಗ್ ಪರೀಕ್ಷೆ ಮಾಡಿಸಿ, ಆ ಬಿಲ್ಲು ಎತ್ತಿಡಿ. ವೋಲ್ಟೇಜ್ ಏರಿಳಿತಕ್ಕೆ ಚಾರ್ಜರ್ ಸುಟ್ಟರೆ ತಪ್ಪು ಬೆಸ್ಕಾಂನದೋ ಕಂಪನಿಯದೋ ಎಂಬ ಜಗಳದಲ್ಲಿ ಸಿಕ್ಕಿಕೊಳ್ಳುವವರು ನೀವು.

ಬೈಕು, ಸ್ಕೂಟರಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಂಪನಿಯದ್ದಾಗಿದ್ದು ಬೆಲೆ ಒಂದು ಸರ್ವೀಸಿನ ಖರ್ಚಿನ ಆಸುಪಾಸಿನಲ್ಲಿದ್ದರೆ ಹಾಕಿಸಿಬಿಡಿ.

8. ತೆಗೆದುಕೊಂಡ ಮೇಲೆ

ವಾರಂಟಿ ಉಳಿಯುವುದು ಸರ್ವೀಸ್ ದಾಖಲೆಯ ಮೇಲೆ. ಕಡಿಮೆ ಓಡಿಸುವವರೇ ಇಲ್ಲಿ ಎಡವುತ್ತಾರೆ. "ಇನ್ನೂ ಐದು ಸಾವಿರವೂ ಓಡಿಲ್ಲ, ಯಾಕೆ ಸರ್ವೀಸು" ಎಂದು ವರ್ಷ ದಾಟಿಸುತ್ತಾರೆ. ಸರ್ವೀಸಿಗೂ "ಯಾವುದು ಮೊದಲೋ ಅದು" ಎಂಬ ಸಾಲು ಅನ್ವಯಿಸುತ್ತದೆ.

ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದರೆ ವಾರಂಟಿ ಹೋಗುತ್ತದೆಯೇ? ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರ್ ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿದ ಆದೇಶದಲ್ಲಿ, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಹಾಕಬಾರದು ಎಂದಿತ್ತು. ಆ ಆದೇಶ ಮೇಲ್ಮನವಿಗಳ ದಾರಿ ಹಿಡಿಯಿತು. ವರ್ಕ್‌ಶಾಪಿನ ಮೇಜಿನ ಮುಂದೆ ಆ ವಾದ ಮಂಡಿಸಿ ಗೆದ್ದವರನ್ನು ನಾನು ಕಂಡಿಲ್ಲ. ವಾರಂಟಿಗೆ ದುಡ್ಡು ಕೊಟ್ಟಿದ್ದರೆ ಅದು ಮುಗಿಯುವ ತನಕ ಅಧಿಕೃತ ವರ್ಕ್‌ಶಾಪಿಗೇ ಹೋಗಿ. ಇ.ಡಬ್ಲ್ಯೂ.ಯ ನಿಜವಾದ ಬೆಲೆಗೆ ಆ ಸರ್ವೀಸುಗಳ ಹೆಚ್ಚುವರಿ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಒಳ್ಳೆಯ ಪರಿಚಯದ ಮೆಕ್ಯಾನಿಕ್ ಇರುವವರಿಗೆ ಇದೇ ದೊಡ್ಡ ಮೊತ್ತ.

ಇ.ಡಬ್ಲ್ಯೂ. ಪ್ರಮಾಣಪತ್ರದಲ್ಲಿ ಚಾಸಿ ನಂಬರ್, ಶುರುವಾಗುವ ದಿನ, ಮುಗಿಯುವ ದಿನ, ಕಿಲೋಮೀಟರ್ ಮಿತಿ ಇವನ್ನು ಡೆಲಿವರಿ ದಿನವೇ ಹೊಂದಿಸಿ ನೋಡಿ. ದುಡ್ಡು ಕಟ್ಟಿಸಿಕೊಂಡು ಕಂಪನಿಯ ಕಂಪ್ಯೂಟರಿಗೆ ಏರಿಸದೆ ಬಿಟ್ಟ ಉದಾಹರಣೆ ಇದೆ. ವಾರದ ನಂತರ ಕಂಪನಿಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ, ನನ್ನ ಗಾಡಿಗೆ ಇ.ಡಬ್ಲ್ಯೂ. ದಾಖಲಾಗಿದೆಯೇ ಎಂದು ಕೇಳಿ. ಎರಡು ನಿಮಿಷದ ಕೆಲಸ.

ಒಂದು ಭಾಗ ದೋಷದ್ದು ಎಂದು ಕಂಪನಿಯೇ ರೀಕಾಲ್ ಮಾಡಿದರೆ ಅದಕ್ಕೆ ವಾರಂಟಿ ಬೇಕಿಲ್ಲ, ಉಚಿತವಾಗಿ ಬದಲಿಸಿಕೊಡುತ್ತಾರೆ. ಅದನ್ನು ಇ.ಡಬ್ಲ್ಯೂ. ಲೆಕ್ಕದಲ್ಲಿ ಬರೆಯಲು ಬಿಡಬೇಡಿ.

9. ಕ್ಲೇಮ್ ಆಗಲ್ಲ ಎಂದರೆ

ಬಾಯಿಮಾತಿನ "ಆಗಲ್ಲ" ಒಪ್ಪಬೇಡಿ. ಯಾವ ಷರತ್ತಿನ ಯಾವ ಸಾಲಿನ ಪ್ರಕಾರ ಆಗಲ್ಲ ಎಂದು ಬರಹದಲ್ಲಿ, ಕನಿಷ್ಠ ಮೇಲ್‌ನಲ್ಲಾದರೂ ಕೇಳಿ. ಹೀಗೆ ಕೇಳಿದವರ ಕಡತ ಇನ್ನೊಮ್ಮೆ ತೆರೆಯುತ್ತಿತ್ತು ಎಂಬುದು ನನ್ನ ಅನುಭವ. ಕೆಟ್ಟ ಭಾಗದ ಫೋಟೊ ತೆಗೆದಿಡಿ, ಜಾಬ್ ಕಾರ್ಡಿನ ಪ್ರತಿ ಬಿಡಬೇಡಿ. ವಾರಂಟಿ ಮುಗಿಯುವ ಮುಂಚೆ ಕಂಡ ದೋಷವನ್ನು ಅವತ್ತೇ ಜಾಬ್ ಕಾರ್ಡಿನಲ್ಲಿ ಬರೆಸಿ. "ಮುಂದಿನ ಸರ್ವೀಸಿಗೆ ನೋಡೋಣ ಸಾರ್" ಎಂದು ತಳ್ಳಿದ ಸದ್ದು ವಾರಂಟಿ ಮುಗಿದ ಮೇಲೆ ನಿಮ್ಮದಾಗುತ್ತದೆ. ಡೀಲರ್ ಮಟ್ಟದಲ್ಲಿ ಆಗದಿದ್ದರೆ ಕಂಪನಿಯ ಏರಿಯಾ ಸರ್ವೀಸ್ ಮ್ಯಾನೇಜರ್ ತನಕ ಹೋಗಿ. ಪೂರ್ತಿ ಆಗದಿದ್ದರೂ ಗುಡ್‌ವಿಲ್ ಎಂದು ಭಾಗದ ಬೆಲೆಯಲ್ಲಿ ಒಂದಷ್ಟು ಬಿಟ್ಟುಕೊಡುವ ಅಧಿಕಾರ ಆ ಮಟ್ಟದಲ್ಲಿ ಇರುತ್ತದೆ. ಕೇಳದವರಿಗೆ ಅದು ಸಿಗುವುದಿಲ್ಲ.

ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರ ನಂತರ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಗಾಡಿಯನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ತುಮಕೂರಿನಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ತಂದ ಅನುಕೂಲ ಇದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

ಅಕ್ಕನ ಮಗ ಆ ಸಂಜೆ ಬಂದ. ಅವನದು ಡಿ.ಸಿ.ಟಿ. ಗೇರಿನ ಟರ್ಬೊ ಪೆಟ್ರೋಲ್ ಗಾಡಿ. ವಾರಂಟಿ ಕಂಪನಿಯದೇ. ಕಿಲೋಮೀಟರಿಗೆ 55 ಪೈಸೆ. ಸಾಲಕ್ಕೆ ಸೇರಿಸದೆ ಕೈಯಿಂದ ಕಟ್ಟಿ ತೆಗೆದುಕೊಂಡ. 1,40,000 ಮುಟ್ಟುವ ತಿಂಗಳು ಯಾವುದು ಎಂದು ಲೆಕ್ಕ ಹಾಕಿ, ಅದಕ್ಕೆ ಒಂದು ತಿಂಗಳು ಮುಂಚೆ ಇಡೀ ಗಾಡಿ ತೋರಿಸಿ ದೋಷವೆಲ್ಲ ಜಾಬ್ ಕಾರ್ಡಿಗೆ ಬರೆಸಬೇಕು ಎಂದು ಒಂದು ಚೀಟಿ ಬರೆದು ಗ್ಲೋವ್ ಬಾಕ್ಸಿನಲ್ಲಿ ಅಂಟಿಸಿಕೊಂಡಿದ್ದಾನೆ. ತಿಪಟೂರಿನ ಸೋದರಮಾವ ಬೇಡ ಎಂದರು. ಅವರ ಕಾರು ಕೊಟ್ಟಿಗೆಯ ಪಕ್ಕ ನಿಲ್ಲುತ್ತದೆ. ಆ ದುಡ್ಡಿನಲ್ಲಿ ಸ್ವಲ್ಪ ತೆಗೆದು ಗಾಡಿ ನಿಲ್ಲುವ ಜಾಗಕ್ಕೆ ಇಲಿ ನುಗ್ಗದ ಹಾಗೆ ಜಾಲರಿ ಹೊಡೆಸಿದ್ದಾರೆ.